ಎರಡು ಟ್ರಾಲಿಯೋ, ಒಂದು ಟಿಪ್ಪರೋ? ಭಾಗ್ಯನಗರದ ಒಂದು ಅಂಗಳದ ಕಡಿ ಲೆಕ್ಕ

ಒಂದೇ ಅಂಗಳ, ಹಾಸಲಿಕ್ಕೆ ಎಷ್ಟು ಕಡಿ (ಜಲ್ಲಿಕಲ್ಲು) ಬೇಕು ಅನ್ನೋದಕ್ಕೆ ಮೂರು ಲೆಕ್ಕ. ಮೇಸ್ತ್ರಿ ಹೇಳಿದ್ದು ಎರಡು ಟ್ರಾಲಿ. ಕಡಿ ಸಪ್ಲೈ ಮಾಡುವವರು ಹೇಳಿದ್ದು ಒಂದು ಟಿಪ್ಪರ್, ಅಂದ್ರೆ 3 ಬ್ರಾಸ್. ಮನೆಯ ಯಜಮಾನಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದು 107 ಘನ ಅಡಿ. ಬ್ರಾಸ್ ಅಂದ್ರೆ 100 ಘನ ಅಡಿ, ಟ್ರಾಲಿಗೆ ಒಂದು ಬ್ರಾಸ್ ಅಂತ ಎಲ್ಲರೂ ಹಿಡಿಯುತ್ತಾರೆ. ಹಾಗೆ ನೋಡಿದರೆ 200, 300, 107. ಇಷ್ಟು ಅಂತರ ಯಾಕೆ ಬಂತು, ಕೊನೆಗೆ ಎಷ್ಟು ತರಿಸಿದೆವು, ಬಂದದ್ದು ಸಾಕಾಯಿತಾ ಅನ್ನೋದೇ ಈ ಪ್ರಕರಣ.

ಮನೆ ಇರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. 40×60ರ ಸೈಟು, ಉತ್ತರಕ್ಕೆ ಬಾಗಿಲು. ಯಜಮಾನಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಓಣಿಯಲ್ಲಿ ಎಲ್ಲರಿಗೂ ಅವರು ಅಕ್ಕೋರು. ನಾನು ಈ ಕಡೆ ಸಣ್ಣಪುಟ್ಟ ಮನೆ ಕೆಲಸದ ಉಸ್ತುವಾರಿ ಮಾಡುವವನು. ಕಾಂಪೌಂಡಿನ ಬಿರುಕು ನೋಡಲಿಕ್ಕೆ ಕರೆದಿದ್ದರು, ಅಂಗಳದ ಕೆಲಸವೂ ಹೆಗಲಿಗೆ ಬಿತ್ತು.

ಅಕ್ಕೋರಿಗೆ ಬೇಕಿದ್ದದ್ದು ಸರಳ. ಅಂಗಳಕ್ಕೆ ಸಿಮೆಂಟ್ ಬೇಡ, ಲಾನ್ ಅಂತೂ ಬೇಡವೇ ಬೇಡ. ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉಳಿದ ತಿಂಗಳು ಹುಲ್ಲಿಗೆ ನೀರು ಎಲ್ಲಿಂದ ತರೋದು? ಸಿಮೆಂಟ್ ಹಾಕಿದರೆ ಏಪ್ರಿಲ್‌ನಲ್ಲಿ ಕಾಲಿಡಲಿಕ್ಕಾಗಲ್ಲ, ಬಂದ ನಾಲ್ಕು ಮಳೆಯ ನೀರೂ ರೋಡಿಗೆ ಹೋಗುತ್ತೆ. ಕಡಿ ಹಾಸಿದರೆ ನೀರು ಇಂಗುತ್ತೆ, ಕೆಸರಾಗಲ್ಲ, ಕಾರೂ ನಿಲ್ಲುತ್ತೆ. ಕಲ್ಲೇನೂ ನಮ್ಮಲ್ಲಿ ಕಡಿಮೆ ಇಲ್ಲ. ರಾಮನಗರದ ಕಡೆಯಿಂದ ಉತ್ತರಕ್ಕೆ ಬಳ್ಳಾರಿ, ಕೊಪ್ಪಳದವರೆಗೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯ ಮೇಲೇ ನಾವು ಕೂತಿದ್ದೇವೆ. ಸುಮಾರು 250 ಕೋಟಿ ವರ್ಷದ ಕಲ್ಲು. ಊರ ಹೊರಗಿನ ಕ್ರಷರ್‌ಗಳಲ್ಲಿ ಬೂದು ಬಣ್ಣದ, ಅಲ್ಲಲ್ಲಿ ನಸುಗೆಂಪು ಬೆರೆತ ಕಡಿ ಸಿಗುತ್ತೆ. ಹೊಸ ಕಡಿ ಧೂಳಾಗಿ ಕಾಣುತ್ತೆ, ಎರಡು ಮಳೆ ಬಿದ್ದ ಮೇಲೆ ಅದರ ನಿಜವಾದ ಬಣ್ಣ ಗೊತ್ತಾಗೋದು.

ಮೇಸ್ತ್ರಿ ಗೇಟಿನ ಹತ್ತಿರ ನಿಂತು ಒಮ್ಮೆ ಆಚೀಚೆ ನೋಡಿ, "ಎರಡ್ ಟ್ರಾಲಿ ಮುಕ್ಕಾಲ್ ಇಂಚಿಂದು ಹೊಡಸ್ರಿ, ಸಾಕಾಗ್ತೈತಿ" ಅಂದಿದ್ದರು. ಸಪ್ಲೈಯರ್ ಫೋನಿನಲ್ಲೇ, "ಒಂದ್ ಟಿಪ್ಪರ್ ಹಾಕಿಸ್ಕೊಂಡ್ಬಿಡ್ರಿ, ನಾಳಿ ಕಡಿಮಿ ಬಿದ್ರ ಮತ್ತ ಬಾಡಿಗಿ ನಿಮಗೇ" ಅಂದರು. ಇಬ್ಬರೂ ಅಳತೆ ಮಾಡಿರಲಿಲ್ಲ. ಅಳತೆ ಮಾಡಿದವರು ಅಕ್ಕೋರು ಒಬ್ಬರೇ. ಮುಂದಿನ ಅಂಗಳ 40×12, ಅಂದ್ರೆ 480 ಚದರ ಅಡಿ. ಪಶ್ಚಿಮದ ಓಣಿ 40×4, ಅಂದ್ರೆ 160. ಒಟ್ಟು 640. ಎರಡು ಇಂಚು ದಪ್ಪ ಅಂತ 640ನ್ನು 2ರಿಂದ ಗುಣಿಸಿ 12ರಿಂದ ಭಾಗಿಸಿದರೆ 107. ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಅಂಗಳ ಒಂದೇ ತರಹದ್ದಲ್ಲ ಅನ್ನೋದು ಆ ಲೆಕ್ಕದೊಳಗೆ ಬಂದಿರಲಿಲ್ಲ.

ಮೊದಲು ಜಾಗ ಬಿಡಿಸಿಕೊಂಡೆವು. ಪೂರ್ವಕ್ಕೆ ಮನೆ ಪಕ್ಕ 8 ಅಡಿ ಖಾಲಿ ಇದೆ. ಗೇಟಿನಿಂದ ಒಳಗೆ 24 ಅಡಿ ಕಾರಿನ ದಾರಿ, 8×24, 192 ಚದರ ಅಡಿ. ಇದರಲ್ಲಿ ಅರ್ಧ ಮುಂದಿನ ಅಂಗಳದೊಳಗೇ ಬರುತ್ತೆ, ಉಳಿದರ್ಧ ಮನೆ ಪಕ್ಕಕ್ಕೆ ಹೋಗುತ್ತೆ. ಕಾರಿನ ದಾರಿ ಬಿಟ್ಟರೆ ಮುಂದಿನ ಅಂಗಳ 32×12, 384 ಚದರ ಅಡಿ. ಅದರಲ್ಲಿ ಕಡಿ ಬೀಳದ ಜಾಗ ಎಷ್ಟು? ಕಾಂಪೌಂಡಿಗೆ ತಾಗಿ ಅರ್ಧ ಚಕ್ರದ ಹೂವಿನ ಪಾತಿ, ತ್ರಿಜ್ಯ 6 ಅಡಿ, ಅದು 57 ಚದರ ಅಡಿ ಆಯಿತು. ತುಳಸಿ ಕಟ್ಟೆ 3×3, ಒಂಬತ್ತು. ಮೆಟ್ಟಿಲು 8×4, ಮೂವತ್ತೆರಡು. ಪಾರಿಜಾತದ ಬುಡಕ್ಕೆ 5 ಅಡಿ ಅಗಲದ ಸುತ್ತು, ಇಪ್ಪತ್ತು. ಒಟ್ಟು 118 ಹೋಯಿತು, ಉಳಿದದ್ದು 266. ಅರ್ಧ ಚಕ್ರದ ಲೆಕ್ಕವನ್ನು ಅಕ್ಕೋರು ಬಾಯಲ್ಲೇ ಹಾಕಿದರು, ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಉತ್ತರ ಬಂದಿತ್ತು.

ಪಶ್ಚಿಮದ 160 ಚದರ ಅಡಿ ಓಣಿಯಲ್ಲಿ ನಡೆಯಲಿಕ್ಕೆ ಶಹಾಬಾದ್ ಕಲ್ಲು, ಒಂದೊಂದು 2 ಅಡಿಗೆ ಒಂದೂವರೆ ಅಡಿ, ಒಟ್ಟು 13. ಇವು 39 ಚದರ ಅಡಿ ಆಗುತ್ತವೆ. ಪೂರ್ತಿ ಕಳೆದುಬಿಡೋಣ ಅಂದರು ಅಕ್ಕೋರು. ಬೇಡ ಅಂದೆ. ಕಲ್ಲಿನ ದಪ್ಪ ಒಂದೂವರೆ ಇಂಚು, ಅದರ ಕೆಳಗೂ ಅರ್ಧ ಇಂಚು ಕಡಿ ಬೇಕು, ಇಲ್ಲಾಂದ್ರೆ ಕಲ್ಲು ಗಡಗಡ ಅಲ್ಲಾಡುತ್ತೆ. ಹಾಗಾಗಿ ಕಳೆಯಬೇಕಾದದ್ದು ಒಂದೂವರೆ ಇಂಚಿನದ್ದು ಮಾತ್ರ, ಸುಮಾರು 5 ಘನ ಅಡಿ.

ಇಲ್ಲಿಯವರೆಗೆ ಕೆಲಸ ಸುಲಭ. ಟೇಪು ಹಿಡಿದವರು ಯಾರಾದರೂ ಮಾಡುತ್ತಾರೆ. ಲೆಕ್ಕ ಕೆಡುವುದು ಉದ್ದ ಅಗಲದಲ್ಲಿ ಅಲ್ಲ, ಆಳದಲ್ಲಿ. ಇದನ್ನು ನಾನು ಹೇಳಿದಾಗ ಅಕ್ಕೋರು ಒಪ್ಪಲಿಲ್ಲ. ಗುಣಾಕಾರದಲ್ಲಿ ಮೂರೂ ಸಮ ಅಲ್ವಾ ಅಂದರು. ಸಮವೇ. ಆದರೆ ತಪ್ಪು ಸಮ ಅಲ್ಲ. 32 ಅಡಿ ಅಳೆಯುವಾಗ ಟೇಪು ಅರ್ಧ ಅಡಿ ಜಾರಿತು ಅಂತಿಟ್ಟುಕೊಳ್ಳಿ. ಅರ್ಧ ಅಡಿಗೆ 12 ಅಡಿ, 6 ಚದರ ಅಡಿ, ಎರಡು ಇಂಚು ದಪ್ಪಕ್ಕೆ ಒಂದು ಘನ ಅಡಿ ವ್ಯತ್ಯಾಸ. ಒಂದೆರಡು ಬುಟ್ಟಿ. ಅದೇ ಆಳದಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿ ಆದರೆ? 266 ಚದರ ಅಡಿಗೆ ಅರ್ಧ ಇಂಚು, 11 ಘನ ಅಡಿ. ನಾಲ್ಕನೇ ಒಂದು ಭಾಗ ಲೆಕ್ಕ ಅಲ್ಲೇ ಹೋಯಿತು. ಉದ್ದವನ್ನು ಎರಡೆರಡು ಸಲ ಅಳೆಯುತ್ತೇವೆ, ಆಳವನ್ನು ಸುಮ್ನೆ "ಎರಡು ಇಂಚು" ಅಂತ ಬಾಯಲ್ಲಿ ಹೇಳಿಬಿಡುತ್ತೇವೆ. ಅಕ್ಕೋರು ನೋಟ್‌ಬುಕ್ಕಿನಲ್ಲಿ ಇದನ್ನು ಇನ್ನೊಮ್ಮೆ ಹಾಕಿ ನೋಡಿ, ಏನೂ ಹೇಳದೆ ಲೆವೆಲ್ ಪೈಪ್ ತರಲಿಕ್ಕೆ ಹುಡುಗನನ್ನು ಕಳಿಸಿದರು.

ಲೆವೆಲ್ ಪೈಪ್ ಅಂದ್ರೆ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ, ಎಲ್ಲ ಮೇಸ್ತ್ರಿಗಳ ಹತ್ತಿರ ಇರುತ್ತೆ. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ ಎಚ್ಚರ. ಮೆಟ್ಟಿಲಿನ ಹತ್ತಿರ ಕಡಿಯ ಮೇಲ್ಮಟ್ಟ ಎಲ್ಲಿಗೆ ಬರಬೇಕೋ ಅಲ್ಲಿ ಗೋಡೆಗೆ ಒಂದು ಗೆರೆ ಎಳೆದೆವು. ಅದೇ ಮಟ್ಟವನ್ನು ನಾಲ್ಕು ಮೂಲೆಯ ಗೂಟಗಳಿಗೆ ದಾಟಿಸಿ, ನಾಲ್ಕು ನಾಲ್ಕು ಅಡಿಗೆ ದಾರ ಕಟ್ಟಿದೆವು. ದಾರದಿಂದ ನೆಲಕ್ಕೆ ಎಷ್ಟು ಅಂತ ಸ್ಕೇಲು ಹಿಡಿದು ಅಳೆಯುವುದು, ಅಕ್ಕೋರು ಬರೆದುಕೊಳ್ಳುವುದು. ಮೆಟ್ಟಿಲ ಹತ್ತಿರ ಒಂದೂ ಮುಕ್ಕಾಲು ಇಂಚು. ಪಾರಿಜಾತದ ಪಕ್ಕ ಎರಡೂಕಾಲು. ಪಾತಿಯ ಅಂಚಿಗೆ ಮೂರು. ಕಾರಿನ ದಾರಿಗೆ ತಾಗುವ ಈಶಾನ್ಯದ ಮೂಲೆಯಲ್ಲಿ ನಾಲ್ಕು ದಾಟಿತು. ಅಲ್ಲಿ ನೆಲ ತಗ್ಗಾಗಿರುವುದು ಆಕಸ್ಮಿಕ ಅಲ್ಲ. ನೀರು ಈಶಾನ್ಯಕ್ಕೆ ಹರಿಯಬೇಕು ಅಂತ ಮನೆ ಕಟ್ಟುವಾಗಲೇ ವಾಸ್ತು ನೋಡಿ ಇಳಿಜಾರು ಕೊಟ್ಟಿದ್ದರು. ಬರಿಗಣ್ಣಿಗೆ ಅಂಗಳ ಸಪಾಟಾಗಿಯೇ ಕಾಣುತ್ತಿತ್ತು.

ಎಲ್ಲ ಅಳತೆ ಕೂಡಿಸಿ ಸರಾಸರಿ ತೆಗೆದರೆ ಎರಡು ಮುಕ್ಕಾಲು ಇಂಚು. ಎರಡು ಇಂಚಿನ ಲೆಕ್ಕದಲ್ಲಿ ಮುಂದಿನ ಅಂಗಳಕ್ಕೆ 44 ಘನ ಅಡಿ ಸಾಕಿತ್ತು, ಈಗ 61 ಆಯಿತು. 17 ಘನ ಅಡಿ ಜಾಸ್ತಿ, ಬರೀ ಇಳಿಜಾರಿನಿಂದ.

ಈ 17ನ್ನು ಕಡಿಯಿಂದಲೇ ತುಂಬಬೇಕಾ? ಬೇಕಿಲ್ಲ. ನಾಲ್ಕು ಇಂಚು ಸಡಿಲ ಕಡಿಯ ಮೇಲೆ ನಡೆದು ನೋಡಿದವರಿಗೆ ಗೊತ್ತು, ಕಾಲು ಹೂತು ಹೋಗುತ್ತೆ, ವಯಸ್ಸಾದವರಿಗೆ ಅದು ಒಳ್ಳೆಯದಲ್ಲ. ನಡೆಯುವ ಜಾಗಕ್ಕೆ ಎರಡು ಇಂಚೇ ಸರಿ. ತಗ್ಗನ್ನು ಬೇರೆ ಏನಾದರೂ ಹಾಕಿ ಎತ್ತರಿಸಿ, ಮೇಲೆ ಎಲ್ಲ ಕಡೆ ಎರಡು ಇಂಚು ಹಾಸಬೇಕು. ಆ ಬೇರೆ ಏನಾದರೂ ನಮ್ಮ ಕೈಯಲ್ಲೇ ಇತ್ತು. ಕಾರಿನ ದಾರಿಗೆ 6 ಇಂಚು ನೆಲ ಅಗೆಯಬೇಕಿತ್ತು, 192 ಚದರ ಅಡಿಗೆ 96 ಘನ ಅಡಿ ಮಣ್ಣು ಹೊರಬರುತ್ತೆ. ಅದು ಕೆಂಪು ಮಸಾರಿ ಮಣ್ಣು, ಗರಸು (ಸಣ್ಣ ಹರಳುಕಲ್ಲಿನ ಮಣ್ಣು) ಬೆರೆತದ್ದು. ಅದನ್ನೇ ತಗ್ಗಿಗೆ ಹಾಕಿ, ನೀರು ಹೊಡೆದು ದಿಮ್ಮಸ್ ಬಡಿಸಿದೆವು. ಇಳಿಜಾರನ್ನು ಪೂರ್ತಿ ಮುಚ್ಚಲಿಲ್ಲ, ನೀರು ಹೋಗುವಷ್ಟು ಉಳಿಸಿದೆವು. ಯಲಬುರ್ಗಾ ಕಡೆಯ ಹಾಗೆ ಎರೆ ಮಣ್ಣಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಎರೆ ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ, ಮೇಲೆ ಹಾಕಿದ ಕಡಿಯನ್ನು ನುಂಗುತ್ತಾ ಹೋಗುತ್ತೆ.

ಕಾರಿನ ದಾರಿಯ ಕಥೆ ಬೇರೆ. ಎರಡು ಇಂಚು ಕಡಿಯನ್ನು ಮಣ್ಣಿನ ಮೇಲೆ ಹಾಕಿ ಕಾರು ಓಡಿಸಿದರೆ ಒಂದು ಮಳೆಗಾಲದಲ್ಲಿ ಗಾಲಿ ಹಾದಿ ಬೀಳುತ್ತೆ. ಕೆಳಗೆ 4 ಇಂಚು ಗಟ್ಟಿ ಗರಸು, ಮೇಲೆ 2 ಇಂಚು ದಪ್ಪಕ್ಕೆ 20 ಎಂಎಂ (ಮುಕ್ಕಾಲು ಇಂಚಿನ) ಕಡಿ ಅಂತ ತೀರ್ಮಾನ ಮಾಡಿದೆವು. ಗರಸು 192 ಚದರ ಅಡಿಗೆ 64 ಘನ ಅಡಿ. ಆದರೆ ಇದು ದಿಮ್ಮಸ್ ಬಡಿದ ಮೇಲಿನ ಅಳತೆ. ಟ್ರಾಲಿಯಲ್ಲಿ ಬರುವ ಗರಸು ಸಡಿಲ, ನೀರು ಹಾಕಿ ಬಡಿದರೆ ಕುಗ್ಗುತ್ತೆ. ಕಾಲು ಭಾಗ ಜಾಸ್ತಿ ಹಿಡಿದು 80 ಅಂತ ಬರೆದೆವು. ಮೇಲಿನ ಕಡಿ 32, ಹತ್ತಕ್ಕೆ ಒಂದು ಸೇರಿಸಿ 35.

ಮುಂದಿನ ಅಂಗಳ ಮತ್ತು ಪಶ್ಚಿಮದ ಓಣಿಗೆ 12 ಎಂಎಂ ಕಡಿ. 20 ಎಂಎಂ ಮೇಲೆ ಬರಿಗಾಲಲ್ಲಿ ನಡೆದರೆ ಚುಚ್ಚುತ್ತೆ, ಅಕ್ಕೋರು ಬೆಳಿಗ್ಗೆ ತುಳಸಿಗೆ ನೀರು ಹಾಕಲಿಕ್ಕೆ ಚಪ್ಪಲಿ ಹಾಕಲ್ಲ. ಹಾಗಂತ 12 ಎಂಎಂ ಕಾರಿಗೆ ಆಗಲ್ಲ, ಟೈರಿನ ಗೆರೆಯಲ್ಲಿ ಸಿಕ್ಕಿಕೊಂಡು ರೋಡಿಗೆ ಹೋಗುತ್ತೆ. ಅಂಗಳಕ್ಕೆ 44, ಓಣಿಗೆ 22, ಒಟ್ಟು 66. ಕೂತುಕೊಳ್ಳುವುದಕ್ಕೆ, ಅಂಚಿಗೆ ಚೆಲ್ಲುವುದಕ್ಕೆ ಅಂತ ನೂರಕ್ಕೆ ಹದಿನೈದು ಸೇರಿಸಿ 76.

ಎಲ್ಲ ಕೂಡಿಸಿದರೆ 80, 35, 76, ಅಂದ್ರೆ 191. ಇಲ್ಲಿ ಒಂದು ಮಾತು ಹೇಳಲೇಬೇಕು. ಮೇಸ್ತ್ರಿ ಗೇಟಿನಲ್ಲಿ ನಿಂತು ಕಣ್ಣಂದಾಜಿನಲ್ಲಿ ಹೇಳಿದ್ದು ಎರಡು ಬ್ರಾಸ್, 200! ಒಟ್ಟು ಮಾಲಿನ ವಿಷಯದಲ್ಲಿ ಆತನಷ್ಟು ಹತ್ತಿರ ಯಾರೂ ಬಂದಿರಲಿಲ್ಲ. ಆದರೆ ಆ 200ರಷ್ಟೂ ಮುಕ್ಕಾಲು ಇಂಚಿನ ಕಡಿಯೇ ಬಂದಿದ್ದರೆ ಕೆಳಗೆ ಗಟ್ಟಿ ಇರುತ್ತಿರಲಿಲ್ಲ, ಮೇಲೆ ನಡೆಯಲಿಕ್ಕೂ ಆಗುತ್ತಿರಲಿಲ್ಲ. ಅಕ್ಕೋರ 107ರಲ್ಲಿ ಪಾತಿ, ಕಟ್ಟೆ, ಮೆಟ್ಟಿಲು ಕಳೆದಿರಲಿಲ್ಲ, ಕಾರಿನ ದಾರಿಗೆ ದಪ್ಪವೂ ಕೊಟ್ಟಿರಲಿಲ್ಲ. ಟಿಪ್ಪರ್ ಹೇಳಿದವರ ಲೆಕ್ಕ ಬಿಡಿ, ಅದು ಅಂಗಳದ್ದಲ್ಲ, ಗಾಡಿಯದ್ದು.

ಮಗ ಬೆಂಗಳೂರಿನಲ್ಲಿದ್ದಾನೆ. ಅಂಗಳಕ್ಕೆಲ್ಲ ಬಿಳಿ ಉರುಟು ಕಲ್ಲು ಹಾಕಿಸೋಣ ಅಂತ ಒಂದು ವಿಡಿಯೋ ಕಳಿಸಿದ್ದ. ಅದು ಚೀಲದಲ್ಲಿ, ತೂಕದ ಮೇಲೆ ಸಿಗುತ್ತೆ. 44 ಘನ ಅಡಿ ಅಂದ್ರೆ ಹೆಚ್ಚುಕಮ್ಮಿ 1870 ಕಿಲೋ. 25 ಕಿಲೋ ಚೀಲ 75 ಬೇಕು ಅಂತ ಅಕ್ಕೋರು ಫೋನಿನಲ್ಲಿ ಹೇಳಿದ ಮೇಲೆ ಆ ಕಡೆಯಿಂದ ಮಾತಿಲ್ಲ. ನನಗೂ ಅದು ಇಷ್ಟವಿರಲಿಲ್ಲ. ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳಲ್ಲ, ಕಾಲಿಟ್ಟರೆ ಜಾರುತ್ತೆ. ನಮ್ಮ ಮೇ ತಿಂಗಳ ಬಿಸಿಲಿಗೆ ಬಿಳಿ ಕಲ್ಲು ಕಣ್ಣಿಗೆ ಹೊಡೆಯುತ್ತೆ. ಕೊನೆಗೆ ತುಳಸಿ ಕಟ್ಟೆಯ ಸುತ್ತ ಒಂದಡಿ ಅಗಲಕ್ಕೆ ಮಾತ್ರ ಒಪ್ಪಿದರು. ಅದು 16 ಚದರ ಅಡಿ, ಒಂದೂವರೆ ಇಂಚಿಗೆ 2 ಘನ ಅಡಿ, ನಾಲ್ಕು ಚೀಲಕ್ಕೆ ಮುಗಿಯಿತು. ಯಾರೋ ತುಂಗಭದ್ರಾ ಹೊಳೆಯಿಂದ ಉರುಟು ಕಲ್ಲು ಸುಮ್ನೆ ತಂದುಕೊಡುತ್ತೇವೆ ಅಂದರು. ಅದೂ ಕಿರು ಖನಿಜವೇ, ಪರವಾನಗಿ ಇಲ್ಲದೆ ತುಂಬಿಸುವ ಹಾಗಿಲ್ಲ. ಗರಸಿಗೂ ಅದೇ ಮಾತು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರ್ಮಿಟ್ ಇರುವ ಗಾಡಿಯೇ ಬರಲಿ ಅಂತ ಮೊದಲೇ ಹೇಳಿದ್ದೆವು.

ಈಗ ಘನ ಅಡಿಯನ್ನು ತೂಕಕ್ಕೆ ತಿರುಗಿಸಬೇಕು. ಯಾಕಂದ್ರೆ ನಾವು ಅಳೆಯೋದು ಅಡಿಯಲ್ಲಿ, ಕ್ರಷರ್‌ನಿಂದ ಚೀಟಿ ಬರೋದು ಟನ್‌ನಲ್ಲಿ, ಸಪ್ಲೈಯರ್ ಮಾತಾಡೋದು ಬ್ರಾಸ್‌ನಲ್ಲಿ. ಇದಕ್ಕೆ ಪುಸ್ತಕದ ಅಂಕಿಗಿಂತ ಒಂದು ಬಕೆಟ್ ಮೇಲು. ಪೇಂಟಿನ 20 ಲೀಟರ್ ಬಕೆಟ್ ಬಾಯಿಯವರೆಗೆ ತುಂಬಿದರೆ 20ಕ್ಕಿಂತ ಜಾಸ್ತಿ ಹಿಡಿಯುತ್ತೆ. ಅದಕ್ಕೆ ಲೀಟರ್ ಬಾಟ್ಲಿಯಿಂದ 20 ಸಲ ನೀರು ಹಾಕಿ, ನೀರು ನಿಂತ ಕಡೆ ಮಾರ್ಕರ್‌ನಿಂದ ಗೆರೆ ಎಳೆದೆವು. ನೀರು ಚೆಲ್ಲಿ, ಒರೆಸಿ, ಸ್ಯಾಂಪಲ್‌ಗೆ ತರಿಸಿದ್ದ 12 ಎಂಎಂ ಕಡಿಯನ್ನು ಗೆರೆಯವರೆಗೆ ಸಡಿಲವಾಗಿ ತುಂಬಿದೆವು. ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಖಾಲಿ ಬಕೆಟ್ಟಿನ ತೂಕ ಕಳೆದರೆ 30 ಕಿಲೋ. ಲೀಟರಿಗೆ ಒಂದೂವರೆ ಕಿಲೋ. ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ ಘನ ಅಡಿಗೆ 42.5 ಕಿಲೋ, ಪೂರ್ತಿ ಬ್ರಾಸ್‌ಗೆ 4.25 ಟನ್.

ಅಕ್ಕೋರು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಬಕೆಟ್ಟಿನ ಕಡಿಯೊಳಗೆ ಗೆರೆಯವರೆಗೆ ನೀರು ಹೊಯ್ದರು. 8 ಲೀಟರ್ ಹೋಯಿತು, ಒಂಬತ್ತನೆಯದೂ ಮುಕ್ಕಾಲಿನಷ್ಟು ಇಳಿಯಿತು. ಹತ್ತಿರ ಹತ್ತಿರ ನೂರಕ್ಕೆ 44 ಭಾಗ ಬರೀ ಗಾಳಿ! "ಹಂಗಾದ್ರ ನಾವು ಗಾಳಿಗೆ ರೊಕ್ಕ ಕೊಡ್ತೀವಿ" ಅಂದರು. ಗಟ್ಟಿ ಗ್ರಾನೈಟ್ ಲೀಟರಿಗೆ 2.65 ಕಿಲೋ ತೂಗುತ್ತೆ, ಉಳಿದ ಹನ್ನೊಂದು ಚಿಲ್ಲರೆ ಲೀಟರ್ ಕಲ್ಲಿಗೆ 30 ಕಿಲೋ ಸರಿಯಾಗಿ ಕೂರುತ್ತೆ. ಈ ಸಂದಿಗೆ ಅಂತ ಕಡಿ ಜಾಸ್ತಿ ಹಾಕಿಸಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಟ್ರಾಲಿಯಲ್ಲಿ ಬರುವಾಗಲೂ ಸಂದಿ ಇರುತ್ತೆ, ಅಂಗಳದಲ್ಲಿ ಹಾಸಿದಾಗಲೂ ಅಷ್ಟೇ ಇರುತ್ತೆ. ನೀರು ಇಂಗುವುದೂ ಆ ಸಂದಿಯಿಂದಲೇ.

ಇನ್ನು ಟ್ರಾಲಿ. ಸಪ್ಲೈಯರ್ ಹತ್ತಿರ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಯ ಒಳಗೆ ಟೇಪು ಹಿಡಿದರೆ ಉದ್ದ ಒಂಬತ್ತೂವರೆ ಅಡಿ, ಅಗಲ ಐದು ಮುಕ್ಕಾಲು, ಎತ್ತರ ಒಂದೂವರೆ. ಗುಣಿಸಿದರೆ 82 ಘನ ಅಡಿ. ಒಂದು ಬ್ರಾಸ್ ಅಂತ ಕರೆಯುವುದು ಇದನ್ನೇ. ಮೇಲೆ ಗುಪ್ಪೆ ಹಾಕಿದರೆ ನೂರು ಆಗುತ್ತೆ ಅನ್ನುತ್ತಾರೆ, ಗುಪ್ಪೆ ಹಾಕಿದ ಗಾಡಿ ನಮ್ಮ ರೋಡಿನಲ್ಲಿ ಬರುವಷ್ಟರಲ್ಲಿ ಅರ್ಧ ಗುಪ್ಪೆ ಕೆಳಗೆ. ಹಾಗಾಗಿ ಬ್ರಾಸ್ ಮಾತು ಬಿಟ್ಟು ತೂಕದ ಚೀಟಿಯ ಮೇಲೆ ರೊಕ್ಕ ಅಂತ ಮಾತಾಡಿದೆವು. ಸ್ವಲ್ಪ ಗೊಣಗಿದರು, ಒಪ್ಪಿದರು. ಖಾಲಿ ಗಾಡಿಯನ್ನೂ ಅವತ್ತೇ ಕಾಟಾದಲ್ಲಿ ತೂಗಬೇಕು ಅನ್ನೋದೂ ಮಾತಿನಲ್ಲಿತ್ತು. ಹಳೆಯ ಖಾಲಿ ತೂಕ ಬರೆದರೆ ಡೀಸೆಲ್, ಟ್ರಾಲಿಯಲ್ಲಿ ಉಳಿದ ಮಣ್ಣು ಎಲ್ಲ ಕಡಿಯ ಲೆಕ್ಕಕ್ಕೆ ಬರುತ್ತೆ.

ಆರ್ಡರ್ ಹೀಗೆ ಆಯಿತು: ಗರಸು ಒಂದು ಟ್ರಾಲಿ, 12 ಎಂಎಂ ಒಂದು ಟ್ರಾಲಿ, 20 ಎಂಎಂ ಅರ್ಧ ಟ್ರಾಲಿ. ಅರ್ಧ ಟ್ರಾಲಿಗೂ ಬಾಡಿಗೆ ಪೂರ್ತಿಯೇ. ಕಡಿಯ ಬಿಲ್ಲಿನಲ್ಲಿ ಕಲ್ಲಿಗಿಂತ ಓಡಾಟದ್ದೇ ಹೊರೆ, ಹಾಗಾಗಿ ಪೂರ್ತಿ ತುಂಬಿಸಿಬಿಡಿ ಅನ್ನೋ ಸಲಹೆಯಲ್ಲಿ ಅರ್ಥವಿದೆ. ಆದರೆ ಉಳಿದ 40 ಘನ ಅಡಿ ಎಲ್ಲಿ ಇಡೋದು? ಗೇಟಿನ ಹೊರಗೆ ಗುಡ್ಡೆ ಹಾಕಿದರೆ ಮೊದಲು ಓಣಿಯ ಹುಡುಗರು, ಆಮೇಲೆ ನಾಯಿಗಳು. ಅಕ್ಕೋರು ಅರ್ಧವೇ ಸಾಕು ಅಂದರು.

12 ಎಂಎಂ ಗಾಡಿ ಬಂದ ದಿನ ಸಣ್ಣ ಜಗಳ ಆಯಿತು. ಸುರಿಸುವ ಮೊದಲು ಟ್ರಾಲಿ ಹತ್ತಿ, ಸಲಿಕೆಯಿಂದ ಮೇಲ್ಭಾಗ ಸಮ ಮಾಡಿ ಅಳೆದರೆ ಎತ್ತರ ಒಂದಡಿ ನಾಲ್ಕು ಇಂಚು ಮಾತ್ರ. ಎರಡು ಇಂಚು ಕಡಿಮೆ. ಲೆಕ್ಕ ಹಾಕಿದರೆ 73 ಘನ ಅಡಿ. ನಮಗೆ ಬೇಕಾದದ್ದು 76. ಡ್ರೈವರ್, ಕ್ರಷರ್‌ನಲ್ಲಿ ಹೆಚ್ಚೇ ತುಂಬಿದ್ದರು, ದಾರಿಯಲ್ಲಿ ಕುಂತೈತಿ ಅಂದ. ಮನೆಯವರು ನಂಬಲಿಲ್ಲ. ದಾರಿಯಲ್ಲಿ ಚೆಲ್ಲಿದೆ, ಇಲ್ಲ ಎಲ್ಲೋ ಇಳಿಸಿ ಬಂದಿದ್ದಾನೆ ಅಂತ ಅಕ್ಕೋರ ಯಜಮಾನರ ಅನುಮಾನ. ಚೀಟಿ ನೋಡಿದೆವು. ನಿವ್ವಳ ತೂಕ 3.27 ಟನ್. ಅದನ್ನು 42.5ರಿಂದ ಭಾಗಿಸಿದರೆ 77. ಅಂದ್ರೆ ಸಡಿಲವಾಗಿ ತುಂಬಿದಾಗ 77 ಇದ್ದ ಕಡಿ, ಗುಂಡಿ ರೋಡಿನಲ್ಲಿ ಕುಲುಕಿ ಕುಲುಕಿ 73ಕ್ಕೆ ಕೂತಿದೆ. ಡಬ್ಬಿಯೊಳಗೆ ತುಂಬಿದ ಜೋಳ ಬಡಿದರೆ ಇಳಿಯುವ ಹಾಗೆ. ಕಲ್ಲು ಅಷ್ಟೇ ಇದೆ, ಸಂದಿ ಕಡಿಮೆಯಾಗಿದೆ. ಸುರಿದು ಹರವಿದರೆ ಮತ್ತೆ ಸಡಿಲಾಗುತ್ತೆ. ಡ್ರೈವರ್ ಹೇಳಿದ್ದು ನಿಜ. ಅಕ್ಕೋರು ಆತನಿಗೆ ಚಹಾ ಕೊಟ್ಟರು, ಯಜಮಾನರು ಪೇಪರ್ ಓದಲಿಕ್ಕೆ ಒಳಗೆ ಹೋದರು. ಬ್ರಾಸ್ ಲೆಕ್ಕದಲ್ಲಿ ಕೊಂಡಿದ್ದರೆ ಈ ಜಗಳ ಬಗೆಹರಿಯುತ್ತಲೇ ಇರಲಿಲ್ಲ, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ.

ತೂಕಕ್ಕೂ ಒಂದು ಮೋಸ ಇದೆ, ಅದು ನೀರು. ಧೂಳು ಏಳದಿರಲಿ ಅಂತ ಕ್ರಷರ್‌ನಲ್ಲಿ ನೀರು ಹೊಡೆಯುತ್ತಾರೆ. ಈ ಗಾತ್ರದ ಕಡಿಗೆ ಅಂಟುವ ನೀರು ಸ್ವಲ್ಪವೇ, ತಲೆ ಕೆಡಿಸಿಕೊಳ್ಳುವಷ್ಟಲ್ಲ. ಎಂ-ಸ್ಯಾಂಡ್ ಕೊಳ್ಳುವವರು ಮಾತ್ರ ಇದನ್ನು ನೋಡಿಕೊಳ್ಳಬೇಕು, ಮರಳು ಬಹಳ ನೀರು ಕುಡಿಯುತ್ತೆ.

20 ಎಂಎಂ ಅರ್ಧ ಟ್ರಾಲಿಯ ಚೀಟಿ 1.6 ಟನ್, ಸುಮಾರು 38 ಘನ ಅಡಿ. ಬೇಕಿದ್ದದ್ದು 35.

ಹಾಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಡುತ್ತೆ, ಕಡಿ ಮಣ್ಣಿಗೆ ಇಳಿಯದ ಹಾಗೆ ತಡೆಯುತ್ತೆ), ಒಂದರ ಮೇಲೊಂದು ಅರ್ಧ ಅಡಿ ಬರುವ ಹಾಗೆ. ಹತ್ತಕ್ಕೆ ಒಂದು ಜಾಸ್ತಿ ಹಿಡಿದು 680 ಚದರ ಅಡಿ ತರಿಸಿದ್ದೆವು. ಮೇಸ್ತ್ರಿ ಪ್ಲಾಸ್ಟಿಕ್ ಹಾಳೆ ಹಾಕೋಣ, ಅಗ್ಗ ಅಂದರು. ಪ್ಲಾಸ್ಟಿಕ್ ಹಾಕಿದರೆ ನೀರು ಇಂಗಲ್ಲ, ಮೇಲೆಯೇ ನಿಂತು ಕಡಿಯನ್ನು ತಳ್ಳಿಕೊಂಡು ಹೋಗುತ್ತೆ, ಇಷ್ಟೆಲ್ಲ ಮಾಡಿದ್ದೇ ವ್ಯರ್ಥ. ಅಂಚಿಗೆ ಸೈಜುಗಲ್ಲಿನ ಬಾರ್ಡರ್. ಕಡಿಯ ಮೇಲ್ಮಟ್ಟ ಮನೆಯ ಪ್ಲಿಂತ್‌ಗಿಂತ ಕೆಳಗೇ ಇರಲಿ ಅಂತ ಗೋಡೆಯ ಗೆರೆ ಮತ್ತೊಮ್ಮೆ ನೋಡಿಕೊಂಡೆವು, ಇಲ್ಲಾಂದ್ರೆ ಗೋಡೆಗೆ ಥಂಡಿ ಏರುತ್ತೆ. ಪಾರಿಜಾತದ ಬುಡಕ್ಕೆ ಕಡಿ ಬೀಳದ ಹಾಗೆ ಸುತ್ತು ಕಟ್ಟಿದ್ದು ಒಳ್ಳೆಯದಾಯಿತು, ಕಾದ ಕಲ್ಲು ಕಾಂಡಕ್ಕೆ ತಾಗುವುದು ಒಳ್ಳೆಯದಲ್ಲ.

ಒಂದು ಕಡೆ ಲೆಕ್ಕ ತಪ್ಪಿತು, ಗರಸಿನಲ್ಲಿ. 80 ಘನ ಅಡಿ ಬಡಿದ ಮೇಲೆ 64 ಆಗಬೇಕಿತ್ತು, ಗೇಟಿನ ಕಡೆ 4 ಇಂಚು ಸರಿಯಾಗಿಯೇ ಬಂತು. ಒಳಗಿನ ತುದಿಯಲ್ಲಿ ಮೂರು ಮುಕ್ಕಾಲು ಇಂಚಿಗೆ ನಿಂತಿತು. ನೀರು ಚೆನ್ನಾಗಿ ಕುಡಿದು, ನಾವು ಹಿಡಿದದ್ದಕ್ಕಿಂತ ತುಸು ಜಾಸ್ತಿಯೇ ಕುಗ್ಗಿತ್ತು. ಆ ತುದಿಯಲ್ಲಿ ಗಾಲಿ ತಿರುಗಲ್ಲ, ಕಾರು ಸುಮ್ನೆ ನಿಲ್ಲುತ್ತೆ. ಇನ್ನೊಂದು ಟ್ರಾಲಿ ತರಿಸುವ ಅಗತ್ಯ ಕಾಣಲಿಲ್ಲ. ಉಳಿದಿದ್ದ 20 ಎಂಎಂ ಅಲ್ಲಿಗೇ ಹೋಯಿತು.

12 ಎಂಎಂ ಹಾಸಿ ಮುಗಿದಾಗ ಗುಡ್ಡೆಯಲ್ಲಿ ಹನ್ನೆರಡು ಹದಿಮೂರು ಬುಟ್ಟಿ ಉಳಿದಿತ್ತು. ತುಳಸಿಯ ಸುತ್ತಿನ ಜಾಗಕ್ಕೆ ಬಿಳಿ ಕಲ್ಲು ಬಿದ್ದದ್ದರಿಂದ ಸ್ವಲ್ಪ ಉಳಿತಾಯ, ಸೇರಿಸಿದ್ದ ಹದಿನೈದು ಭಾಗದಲ್ಲಿ ಇನ್ನೂ ಒಂದಿಷ್ಟು ಬಾಕಿ. ಸಿಮೆಂಟ್ ಚೀಲಗಳಿಗೆ ತುಂಬಿ ಹಿತ್ತಲಲ್ಲಿ ಇಟ್ಟರು.

ಸೆಪ್ಟೆಂಬರಿನ ಮಳೆ ಆದ ಮೇಲೆ ಹೋಗಿ ನೋಡಿದೆ. ಈಶಾನ್ಯದ ಮೂಲೆಯಲ್ಲಿ, ಮಣ್ಣು ತುಂಬಿ ಬಡಿದಿದ್ದ ಜಾಗದಲ್ಲಿ, ಕಡಿ ಕಾಲು ಇಂಚಿನಷ್ಟು ಕೂತಿತ್ತು. ಚೀಲದಲ್ಲಿದ್ದದ್ದರಲ್ಲಿ ಅರ್ಧ ಅಲ್ಲಿಗೆ ಸಾಕಾಯಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಪಶ್ಚಿಮದ ಓಣಿಯಲ್ಲಿ ಕಾದಿತ್ತು. ಚಾವಣಿಯ ನೀರಿನ ಪೈಪು ನೇರ ಕಡಿಯ ಮೇಲೆ ಬೀಳುತ್ತಿತ್ತು. ಜೋರು ಮಳೆಗೆ ಅಲ್ಲಿ ಒಂದಡಿ ಅಗಲದ ಗುಂಡಿ ಬಿದ್ದು ಬಟ್ಟೆ ಕಾಣುತ್ತಿತ್ತು, ಕಡಿಯೆಲ್ಲ ಶಹಾಬಾದ್ ಕಲ್ಲಿನ ಮೇಲೆ ಹರಡಿತ್ತು. ಪೈಪಿನ ಕೆಳಗೆ ಒಂದು ಒಡಕು ಶಹಾಬಾದ್ ಹಾಸಿ, ಸುತ್ತ ಮುಷ್ಟಿ ಗಾತ್ರದ ಬೋಲ್ಡರ್ ಕಲ್ಲು ಜೋಡಿಸಿ, ಚೆಲ್ಲಿದ ಕಡಿಯನ್ನು ಮತ್ತೆ ಎಳೆದು ಹಾಕಿದೆವು. ಮುಂದಿನ ಮಳೆಗೆ ಅದು ಅಲುಗಲಿಲ್ಲ. ಹಿತ್ತಲಲ್ಲಿ ಇನ್ನೂ ಎರಡು ಚೀಲ ಕಡಿ ಇದೆ.